ಪುಸ್ತಕದಲ್ಲಿಲ್ಲದ ಅತ್ತೆ

ರಾವಂದೂರಿನ ವೀರಮ್ಮ ಎಣ್ಣೆ ಕೊಂಡರೆ ಮೂಸಿ ನೋಡುವಳು, ಹಾಲು ಕೊಂಡರೆ ಬೆರಳದ್ದಿ ನೋಡುವಳು. ಅಂಥವಳು ಕಣ್ಣು ಮುಚ್ಚಿ ನಂಬಿದ್ದು ಒಂದು ಕಾದಂಬರಿಯನ್ನು. ಜವಳಿ ಅಂಗಡಿಯ ಚಿಕ್ಕಬಸಪ್ಪ ಅದನ್ನು ಮೈಸೂರಿನಿಂದ ತಂದುಕೊಟ್ಟಿದ್ದ. ವೀರಮ್ಮನಿಗೆ ಅಕ್ಷರ ಬಾರದು. ಮಧ್ಯಾಹ್ನ ಅವಳು ರಾಗಿ ಕೇರುತ್ತಿದ್ದರೆ ಸೊಸೆ ಸರ್ವಮಂಗಳ ಎದುರು ಕೂತು ಓದುವಳು.

ಅದರಲ್ಲೊಬ್ಬಳು ಅತ್ತೆ. ಗೌರಿಹಬ್ಬಕ್ಕೆ ಸೊಸೆಗೆ ಹಸಿರು ಸೀರೆ ಉಡಿಸಿ, ಮಡಿಲು ತುಂಬಿ, ಕರೆಯಲು ಬಂದ ಅಣ್ಣನ ಜೊತೆ ತವರಿಗೆ ಕಳಿಸುತ್ತಾಳೆ. ಆ ಭಾಗ ಬಂದರೆ ವೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅತ್ತೆ ಅಂದರೆ ಹಾಗಿರಬೇಕು ಎನ್ನುವಳು. ಮಹಾತಾಯಿ! ಎರಡು ವರ್ಷದಿಂದ ಸರ್ವಮಂಗಳನ ಅಣ್ಣ ಕಟ್ಟೆಮಳಲವಾಡಿಯಿಂದ ಹಬ್ಬಕ್ಕೆ ಕರೆಯಲು ಬಂದಾಗ, ಹೊಲದಲ್ಲಿ ಕಳೆ ಇದೆಯೆಂದು ಹೊಸಿಲಿನಿಂದಲೇ ವಾಪಸು ಕಳಿಸಿದವಳು ಇವಳೇ.

ಐವತ್ತಾರನೇ ಇಸವಿಯಲ್ಲಿ, ಗೌರಿಹಬ್ಬ ಹತ್ತಿರವಿದ್ದಾಗ, ಮತ್ತೊಮ್ಮೆ ಓದಿಸಿದರೆ ಸೊಸೆಯ ಬಾಯಲ್ಲಿ ಹಸಿರು ಸೀರೆ ಕೆಂಪಾಯಿತು. ವೀರಮ್ಮನ ಮೊರ ನಿಂತಿತು. ತಲೆಯೆತ್ತಿ ನೋಡಿದರೆ ಸೊಸೆಯ ಕಣ್ಣು ಪುಸ್ತಕದ ಮೇಲಿಲ್ಲ, ಗೋಡೆಯ ಮೇಲಿದೆ. ಹಾಗಾದರೆ ಒಳಗೆ ಇರುವುದೇನು? ನನ್ನ ಮೇಲಿನ ಚಾಡಿಯೋ? ಓದು ಬಲ್ಲ ಹೆಂಗಸರೆಲ್ಲ ನನ್ನ ಬೆನ್ನ ಹಿಂದೆ ನಗುತ್ತಿದ್ದಾರೋ? ಅವಳಿಗೆ ಊಟ ಸೇರಲಿಲ್ಲ. ಸೊಸೆ ನೀರಿಗೆ ಹೋದದ್ದೇ ತಡ, ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಿಕ್ಕಬಸಪ್ಪನ ಅಂಗಡಿಗೆ ಹೋದಳು. ಗೌರಿಹಬ್ಬದ ಭಾಗ ಓದು ಅಂದಳು.

ಅವನು ಓದಿದ. ಸೀರೆ ಹಸಿರೂ ಇಲ್ಲ, ಕೆಂಪೂ ಇಲ್ಲ. ಅಲ್ಲಿದ್ದ ಅತ್ತೆ ಹೊಸಿಲಿಗೆ ಅಡ್ಡ ನಿಂತು, ಹೊಲದ ಕೆಲಸ ಮುಗಿದಿಲ್ಲವೆಂದು, ಹುಡುಗಿಯ ಅಣ್ಣನನ್ನು ಒಂದು ಲೋಟ ನೀರೂ ಕೊಡದೆ ಅಟ್ಟಿದಳು.

"ಸಾಕು ಬುಡಪ್ಪ," ಅಂದಳು ವೀರಮ್ಮ.

ದಾರಿಯುದ್ದಕ್ಕೂ ಅದೇ ಗುಂಗು. ನನ್ನ ಮನಸ್ಸು ನೋಯಬಾರದೆಂದು ಮುಚ್ಚಿಟ್ಟಳೋ, ಬೇಕೆಂದೇ ಚುಚ್ಚಿದಳೋ? ಹೇಗಿದ್ದರೂ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು. ಮನೆಗೆ ಬಂದವಳೇ ಸೊಸೆಗೆ ಹೇಳಿದಳು:

"ಸೀರೆ ಎತ್ತಿಟ್ಕೋ. ನಾಳೆ ನಾನೇ ನಿನ್ನ ತವರಿಗೆ ಕರ್ಕಂಡೋಯ್ತೀನಿ."

ಹಬ್ಬಕ್ಕೆ ಕರೆದೊಯ್ಯಲು ಬರುವವನು ಅಣ್ಣ. ಅತ್ತೆಯೇ ಸೊಸೆಯನ್ನು ತವರಿಗೆ ಮುಟ್ಟಿಸಿದರೆ ಆ ಕಡೆಯವರಿಗೆಲ್ಲ ಅದರ ಅರ್ಥ ಒಂದೇ. ಅವಸರದಲ್ಲಿ ವೀರಮ್ಮನಿಗೆ ಅದು ಹೊಳೆದಿರಲಿಲ್ಲ. ಸರ್ವಮಂಗಳ ಕೊಡ ಇಳಿಸಿ ಕಂಬ ಹಿಡಿದುಕೊಂಡಳು.

"ನನ್ನ ಅಲ್ಲೇ ಬುಟ್ಟು ಬರಾಕಾ ಅತ್ತೆ? ಅಂತಾದ್ದೇನು ತಪ್ಪು ಮಾಡ್ದೆ ನಾನು?"

ಬಿಟ್ಟು ಬರಲು ಅಲ್ಲ, ಹಬ್ಬಕ್ಕೇ ಎಂದು ವೀರಮ್ಮ ಕೊರಳಿನ ಲಿಂಗ ಮುಟ್ಟಿ ಆಣೆಯಿಟ್ಟಳು. ಸೊಸೆಯ ಅಳು ನಿಲ್ಲಲಿಲ್ಲ.