ಜಸೋದ್ರಾಳ ಕೈಗುಣ

ದ್ವೀಪಪಟ್ಟಣ ಲಂಬಾಸಾದ ಸಕ್ಕರೆ ಕಾರ್ಖಾನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಆ ಕಬ್ಬಿನ ಕೇರಿಯಲ್ಲಿ ಮದುವೆ ಗೊತ್ತಾದರೆ ಮೊದಲು ಪಂಡಿತರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಜಸೋದ್ರಾಳಿಗೆ. ಹೆಣ್ಣಿಗೆ ಹಚ್ಚುವ ಅರಿಶಿನವನ್ನು ಆಕೆಯೇ ಅರೆಯಬೇಕು. ಕಡಲೆಹಿಟ್ಟು, ಹಸಿ ಅರಿಶಿನದ ಕೊಂಬು, ತೆಂಗಿನಹಾಲಿನ ಗಟ್ಟಿ ಕೆನೆ, ಮಾಗಿದ ಪಪ್ಪಾಯಿ, ಕಡೆಗೆ ನಿಂಬೆರಸ. ಎಲ್ಲವೂ ಯಾರ ಅಡುಗೆಮನೆಯಲ್ಲಾದರೂ ಸಿಗುವಂಥವು. ಅಳತೆಯನ್ನು ಮಾತ್ರ ಆಕೆ ಯಾರಿಗೂ ಹೇಳಿದವಳಲ್ಲ. ಮೂರು ದಿನ ಹಚ್ಚಿಸಿಕೊಂಡ ಹುಡುಗಿ ಮಂಟಪಕ್ಕೆ ಬಂದಾಗ ಮುಖ ಹೊಳೆಯುತ್ತಿತ್ತು, ಅದೇನು ಸುಳ್ಳಲ್ಲ. ಮೂರು ದಿನ ಬಿಸಿಲು ಕಾಣದೆ, ಕೆಲಸ ಮಾಡದೆ, ಹೊತ್ತುಹೊತ್ತಿಗೆ ತಿಂದು ಕೂತರೆ ಯಾರ ಮುಖ ತಾನೇ ಹೊಳೆಯುವುದಿಲ್ಲ? ಕೇರಿಯವರು ಅದನ್ನು ಜಸೋದ್ರಾಳ ಕೈಗುಣ ಎಂದರು. ಜಸೋದ್ರಾಳೂ ಹೌದೆಂದಳು.

ಕೈಗುಣ ಹೇಗೇ ಇರಲಿ, ನಾಲಿಗೆ ಕೆಟ್ಟದ್ದು. ಕಪ್ಪು ಹುಡುಗಿಯೊಬ್ಬಳು ಮಣೆಯ ಮೇಲೆ ಕೂತಳೆಂದರೆ, ಇದಕ್ಕೆ ಕಡಲೆಹಿಟ್ಟು ಸಾಲದು, ಗೋಡೆಯ ಸುಣ್ಣ ತನ್ನಿ ಎನ್ನುತ್ತಿದ್ದಳು. ಸುತ್ತ ಕೂತ ಹೆಂಗಸರು ನಗುತ್ತಿದ್ದರು. ಮಣೆಯ ಮೇಲಿದ್ದವಳೂ ನಗಲೇಬೇಕಿತ್ತು, ಮುಖ ಆಕೆಯ ಕೈಯಲ್ಲಿತ್ತಲ್ಲ.

ದೇವರಿಗೂ ಅದು ಕೇಳಿಸಿತೋ ಏನೋ, ಮಗನಿಗೆ ಹುಟ್ಟಿದ ಒಂದೇ ಕೂಸು ಆಶ್ನಿತಾ ಕಪ್ಪಾಗಿ ಹುಟ್ಟಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಅಜ್ಜಿಗೆ ಹೆಗ್ಗಣ ಹೆಗ್ಗಣವೇ. ಹನ್ನೆರಡನೆಯ ದಿನ ಹಾಲು, ಹಿಟ್ಟು ಕಲಸಿ ಮಗುವನ್ನು ತಿಕ್ಕಲು ಕೂತವಳು ಇಪ್ಪತ್ತೆರಡು ವರ್ಷ ಬಿಡಲಿಲ್ಲ. ಶಾಲೆಗೆ ಹೋಗುವ ಮೊದಲು ತಿಕ್ಕು, ಬಂದ ಮೇಲೆ ತಿಕ್ಕು. ಒಣಗಿದ ಹಿಟ್ಟನ್ನು ಉಜ್ಜಿ ತೆಗೆಯುವಾಗ ಕೆನ್ನೆಯ ಎಳೆಗೂದಲು ಕಿತ್ತು ಬರುತ್ತಿತ್ತು. ಅತ್ತರೆ, ಕಣ್ಣೀರಿನ ಉಪ್ಪಿಗೆ ಮುಖ ಇನ್ನೂ ಕಪ್ಪಾಗುತ್ತದೆ ಎಂದು ಹೆದರಿಸುತ್ತಿದ್ದಳು. ಹುಡುಗಿ ಅಳುವುದನ್ನೇ ಬಿಟ್ಟಳು. ಬಣ್ಣ ಮಾತ್ರ ಇದ್ದ ಹಾಗೇ ಇತ್ತು.

ನಾಲ್ಕು ಸಂಬಂಧಗಳು ಬಂದು ನೋಡಿ ಹೋದವು. ಐದನೆಯದು ಸಮುದ್ರದಾಚೆಯ ದೊಡ್ಡ ದ್ವೀಪದ ಬಾ ಎಂಬ ಪಟ್ಟಣದ್ದು. ಹುಡುಗ ಬಸ್ಸು ರಿಪೇರಿ ಮಾಡುವವನು, ಫೋಟೋ ನೋಡಿ ಒಪ್ಪಿದ್ದ. ಅವನ ತಾಯಿ ಭಾನುವಾರ ಬಂದು ಒಮ್ಮೆ ನೋಡಿ ಹೂಂ ಅಂದರೆ ಮುಗಿಯಿತು. ಆಶ್ನಿತಾ ಹುಡುಗನ ವಿಷಯ ಹೆಚ್ಚು ಕೇಳಲಿಲ್ಲ. ಅಲ್ಲಿಗೆ ಹಡಗಿನಲ್ಲಿ ಎಷ್ಟು ಹೊತ್ತು ಎಂದು ಮಾತ್ರ ಕೇಳಿದಳು. ಒಂದು ಇಡೀ ರಾತ್ರಿ ಎಂದು ತಾಯಿ ಸುಮಿಂತ್ರಾ ಹೇಳಿದಾಗ ಅವಳ ಮುಖ ಯಾವ ಲೇಪವೂ ಇಲ್ಲದೆ ಬೆಳಗಿತು. ಅಷ್ಟು ದೂರ ಅಜ್ಜಿ ತಿಕ್ಕಲು ಬರಲಾರಳು.

ಜಸೋದ್ರಾಳಿಗೆ ಸಿಕ್ಕಿದ್ದು ಐದೇ ದಿನ. ಮಂಗಳವಾರ ಒಂದು ನಿಂಬೆಯ ಬದಲು ಆರು ಹಿಂಡಿದಳು. ಮದುವೆಯ ಅರಿಶಿನವಾದರೆ ಹಚ್ಚಿಸಿಕೊಂಡವಳು ಮೂರು ದಿನ ಹೊಸಿಲು ದಾಟುವಂತಿಲ್ಲ, ದೃಷ್ಟಿಯಾಗುತ್ತದೆ ಎಂದು ಹಿರಿಯರು ಮಾಡಿದ ಕಟ್ಟು. ಇವಳಿನ್ನೂ ಮದುಮಗಳಲ್ಲ. ಆಗಿದ್ದರೂ ಈ ಮುಖಕ್ಕೆ ಯಾರು ದೃಷ್ಟಿ ಹಾಕಬೇಕು? ಆಕೆ ನಾಲ್ಕು ಬೆರಳು ತುಂಬ ಲೇಪ ತೆಗೆದು ಎರಡು ಕೆನ್ನೆಗೂ ಎಳೆದು ಬಳಿದಳು. ಬೇಗ ಒಣಗಲಿ ಎಂದು ಅಂಗಳದ ಉರಿಬಿಸಿಲಿಗೆ ಕರೆದೊಯ್ದು, ಉಪ್ಪಿನಕಾಯಿಗೆ ಮಾವಿನ ಹೋಳು ಹರವಿದ್ದ ತಗಡಿನ ಪಕ್ಕದಲ್ಲಿ ಕೂರಿಸಿದಳು.

"ಉರೀತಿದೆ ಆಜಿ."

"ಉರೀಲಿ. ಕಪ್ಪು ಬಿಡೋವಾಗ ಉರೀದೆ ತಂಪಾಗತ್ತಾ? ಮಾವಿನಕಾಯಿ ನೋಡು, ಸುಮ್ಮನೆ ಬಿದ್ದಿಲ್ವಾ?"

ಎರಡು ಗಂಟೆ ಕೂರಿಸಿದಳು.

ಗುರುವಾರ ಬೆಳಿಗ್ಗೆ ಹುಡುಗಿಯ ಕೆನ್ನೆಗಳಲ್ಲಿ ನೀರುಗುಳ್ಳೆ ಎದ್ದಿದ್ದವು, ಒಂದೊಂದು ಕೆನ್ನೆಗೆ ನಾಲ್ಕು ಸಾಲು. ಸುಮಿಂತ್ರಾ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ನರ್ಸ್ ನೋಡಿದ ಕೂಡಲೇ ಗುರುತಿಸಿದಳು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಮೀನಿಗೆ ನಿಂಬೆ ಹಿಂಡಿ ಕೈ ತೊಳೆಯದೆ ಮರಳಿನ ಮೇಲೆ ಮಲಗುವ ಪ್ರವಾಸಿಗರಲ್ಲಿ ಇಂಥದ್ದು ಬೇಕಾದಷ್ಟು ನೋಡಿದ್ದೇನೆ, ಕಲೆ ಮೂರ್ನಾಲ್ಕು ತಿಂಗಳಲ್ಲಿ ಮಾಯುತ್ತದೆ, ಹೆದರಬೇಡಿ ಎಂದಳು.

ಸೊಸೆ ಬಂದು ಹೇಳಿದ್ದನ್ನು ಜಸೋದ್ರಾ ಪೂರ್ತಿ ಕೇಳಿದಳು. ಹಿರಿಯರ ಕಟ್ಟು ಕಾದದ್ದು ದೃಷ್ಟಿಯಿಂದಲ್ಲ, ಬಿಸಿಲಿನಿಂದ. ಇಷ್ಟು ವರ್ಷ ತನ್ನ ಹೆಸರನ್ನು ಉಳಿಸಿದ್ದು ತನ್ನ ಕೈಯಲ್ಲ, ಮದುವೆಮನೆಯ ಸೂರು. ದಡ್ಡಿಯಲ್ಲ ಆಕೆ, ಎಲ್ಲ ಅರ್ಥವಾಯಿತು. ಅರ್ಥವಾದ ಮೇಲೆ ಆಕೆ ಆಡಿದ್ದು ಒಂದೇ ಮಾತು, ಇದು ಈ ಮನೆಯಿಂದ ಹೊರಗೆ ಹೋಗಕೂಡದು ಎಂದು.

ಭಾನುವಾರದ ಹೊತ್ತಿಗೆ ಗುಳ್ಳೆ ಒಡೆದು ಕಂದು ಗೆರೆಗಳಾಗಿದ್ದವು. ಪೌಡರ್ ನಿಲ್ಲಲಿಲ್ಲ. ಯಾರು ನೋಡಿದರೂ ಎರಡು ಕೆನ್ನೆಗೂ ಬಾರಿಸಿದ್ದಾರೆ ಎನ್ನಬೇಕು, ಹಾಗಿತ್ತು.

ಹುಡುಗನ ತಾಯಿ ಕಲಾವತಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಜಸೋದ್ರಾ ಬೆಪ್ಪಾದಳು. ಹೆಂಗಸು ಆಶ್ನಿತಾಳಿಗಿಂತ ಕಪ್ಪು. ಚಾಪೆಯ ಮೇಲೆ ಪಕ್ಕದ ಮನೆಯ ಧನಪತಿಯೂ ಕೂತಿದ್ದಳು. ಗುಲ್‌ಗುಲಾ ಕರಿದುಕೊಡಲು ಬಂದೆ ಎಂದಳು, ಬಂದದ್ದು ನೋಡಲು. ಬರುವ ಬುಧವಾರ ಅವಳ ಮಗಳಿಗೆ ಅರಿಶಿನ, ಅರೆಯುವವಳು ಜಸೋದ್ರಾ.

ಕಲಾವತಿ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಲ್ಲ ಹಿಡಿದು ನೋಡಿದಳು. ಸುಮಿಂತ್ರಾ ಬಣ್ಣದ ಬಗ್ಗೆ ಏನೋ ಹೇಳಲು ಹೊರಟಾಗ ತಡೆದಳು.

"ಬಣ್ಣದ ಮಾತು ಬಿಡಿ. ನಾನೇನು ಹಾಲಲ್ಲಿ ತೊಳೆದೋಳಾ? ನನಗೆ ಹುಡುಗಿ ಹಿಡಿಸಿದ್ಳು. ಇದು ಯಾರು ಹೊಡೆದದ್ದು ಮೌಸಿ, ಅಷ್ಟು ಹೇಳಿ," ಎಂದು ಜಸೋದ್ರಾಳ ಕಡೆ ತಿರುಗಿದಳು.

ಆಶ್ನಿತಾ ಅಜ್ಜಿಯ ಮುಖ ನೋಡಿದಳು. ಜಸೋದ್ರಾ ಹೇಳಬೇಕಾದದ್ದು ಇಷ್ಟೇ, ನಿಂಬೆ, ಬಿಸಿಲು, ನನ್ನ ತಪ್ಪು. ಹೇಳಿದ್ದರೆ ಆ ಚಹಾ ಆರುವುದರೊಳಗೆ ಮದುವೆ ಗೊತ್ತಾಗುತ್ತಿತ್ತು. ಆದರೆ ಧನಪತಿ ಕಿವಿ ನಿಮಿರಿಸಿ ಕೂತಿದ್ದಾಳೆ. ಹೇಳಿದರೆ ಬುಧವಾರ ಅರಿಶಿನ ಅರೆಯಲು ಯಾರೂ ಕರೆಯುವುದಿಲ್ಲ, ಆಮೇಲೆ ಎಂದೂ ಕರೆಯುವುದಿಲ್ಲ. ಆಮೇಲೆ ತಾನು ಮಗನ ಮನೆಯ ಅನ್ನ ತಿನ್ನುವ ಇನ್ನೊಬ್ಬಳು ಮುದುಕಿ, ಅಷ್ಟೇ.

"ನಾನೇ ಹೊಡೆದೆ," ಎಂದಳು ಜಸೋದ್ರಾ.

"ಯಾಕೆ?"

"ಫೋನಲ್ಲಿ ಯಾವನ ಜೊತೆಗೋ ಮಾತಾಡ್ತಿದ್ಳು. ಕೈಗೆ ಸಿಕ್ಳು. ಈಗೆಲ್ಲ ಬಿಟ್ಟಿದಾಳೆ."

ಬಾಯಿ ತೆರೆಯಬೇಕಾದವಳು ಸುಮಿಂತ್ರಾ. ಅತ್ತೆಯ ಎದುರು ಒಂದು ದಿನವೂ ತೆರೆಯದ ಬಾಯಿ ಆ ದಿನವೂ ತೆರೆಯಲಿಲ್ಲ.

"ಸುಳ್ಳು," ಎಂದಳು ಆಶ್ನಿತಾ.

"ನೋಡಿ, ಹಿರಿಯರಿಗೆ ಎದುರುತ್ತರ ಬೇರೆ," ಎಂದಳು ಅಜ್ಜಿ.

ಕಲಾವತಿ ಗಲ್ಲದಿಂದ ಕೈ ತೆಗೆದಳು. ಮರ್ಯಾದಸ್ಥ ಹೆಂಗಸು, ಚಹಾ ಪೂರ್ತಿ ಕುಡಿದು, ಮಗನಿಗೆ ಕೇಳಿ ಫೋನ್ ಮಾಡುತ್ತೇನೆಂದು ಹೇಳಿ ಎದ್ದಳು. ಎದ್ದ ರೀತಿಯಲ್ಲಿಯೇ ಫೋನು ಬರುವುದಿಲ್ಲವೆಂದು ಎಲ್ಲರಿಗೂ ತಿಳಿಯಿತು. ಧನಪತಿ ಮೆಟ್ಟಿಲಿಳಿಯುವಾಗ, ಬುಧವಾರ ಬೆಳಿಗ್ಗೆಯೇ ಬಂದುಬಿಡಿ ಕಾಕಿ ಎಂದು ನೆನಪಿಸಿ ಹೋದಳು.

ಸೋಮವಾರ ಬೆಳಿಗ್ಗೆ ಜಸೋದ್ರಾ ಬಟ್ಟಲಲ್ಲಿ ಹಿಟ್ಟಿಗೆ ಕೆನೆ ಕಲಸಿಕೊಂಡು ಜಗಲಿಗೆ ಬಂದಳು. "ಬಾ, ಕೂತ್ಕೋ. ಇವತ್ತು ನಿಂಬೆ ಹಾಕಿಲ್ಲ," ಎಂದಳು.

ಆಶ್ನಿತಾ ಬಂದು ಕೂತಳು. ಹೋಗಲು ಅವಳಿಗೆ ಬೇರೆ ಮನೆಯಿರಲಿಲ್ಲ. ಸಿಕ್ಕಿದ್ದ ಒಂದನ್ನು ನಿನ್ನೆ ಅಜ್ಜಿ ಕಳೆದಿದ್ದಳು.