ಗಿಲಾವಿನ ಹಿಂದಿನ ಕಲ್ಲು

ಈರಣ್ಣ ಇನ್ನಿಲ್ಲವಂತೆ...
ಬೆಳಿಗ್ಗೆ ಫೋನ್ ಬಂದಾಗ ಯಾವ ಈರಣ್ಣ ಎಂದು ಕೇಳಿದೆ.
ನಮ್ಮವನಿರಲಾರ ಎಂದುಕೊಂಡು ಮತ್ತೊಮ್ಮೆ ಕೇಳಿದೆ...
ಹಾರ್ಟ್ ಅಟ್ಯಾಕ್.
ನಿನ್ನೆ ಸಂಜೆ ಸೈಟಿನಲ್ಲಿ ನಿಂತು ಗಾರೆ ಕೆಲಸದ ಗೌಂಡಿಯ ಜೊತೆ ಜಗಳ ಆಡಿದವನು...

ಅವನನ್ನು ಕಾಣದ ಗ್ರೂಪಿನ ಗೆಳೆಯರಿಗಾಗಿ ಹೇಳುತ್ತೇನೆ.
ಮುದ್ದೇಬಿಹಾಳದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಆರ್ಕಿಟೆಕ್ಟ್.
ಬಾಯಿ ಜೋರು.
ಕಟ್ಟಿಗೆಯಂತೆ ಪೇಂಟ್ ಬಳಿದ ಕಬ್ಬಿಣದ ಬಾಗಿಲು ಕಂಡರೆ ಬಡಿದು ನೋಡಿ, "ಖರೇ ಹೇಳು, ನೀ ಯಾರು?" ಎಂದು ಬಾಗಿಲನ್ನೇ ಕೇಳುವವನು.
ಮನೆಯವರು ಎದುರಿಗೇ ಇರುತ್ತಿದ್ದರು...

ಈರಣ್ಣನ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಹಳೆಯ ಮನೆ ಬಿಚ್ಚಿಸಿ, ಅಪ್ಪ ಕಟ್ಟಿಸಿದ ಗೋಡೆಯ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ನಿಡಗುಂದಿ ಹತ್ತಿರದ ಹೊಸ ಊರಿಗೆ ತಂದ.
ಅದೇ ಕಲ್ಲಿನಲ್ಲಿ ಅಣ್ಣ ಸಂಗಪ್ಪನವರಿಗೆ ಮನೆ ಕಟ್ಟಿಕೊಟ್ಟ.
ಮುಂದೆ ಅಣ್ಣನ ಮಗಳ ಮದುವೆ ಬಂತು.
ಹಳೇ ಕಲ್ಲು ಕಂಡರೆ ಬೀಗರು ನಗುತ್ತಾರೆಂದು ಅಣ್ಣ ಗೋಡೆಗೆ ಸಿಮೆಂಟ್ ಬಳಿಸಿ ಗಿಲಾವು ಮಾಡಿಸಿದರು. ಮೇಲೆ ಗೆರೆ ಕೊರೆಸಿ, ಬಣ್ಣ ಹಚ್ಚಿಸಿ... ಕಲ್ಲಿನ ಡಿಸೈನು.
ಕಲ್ಲು ಮುಚ್ಚಿ ಅದರ ಮೇಲೆ ಕಲ್ಲಿನ ಚಿತ್ರ.
ಈರಣ್ಣ ಮದುವೆಯಲ್ಲೂ ಹಂದರದಲ್ಲೇ ಉಂಡು ಬಂದ. ಆ ಪಡಸಾಲೆ ಮತ್ತೆ ಹತ್ತಲಿಲ್ಲ.

ಈರಣ್ಣಾ...
ನಿನ್ನದೂ ಅತಿಯಾಯಿತು ಬಿಡು.
ಗೋಡೆಯ ಮೇಲಿನ ಸಿಟ್ಟನ್ನು ಒಡಹುಟ್ಟಿದವನ ಮೇಲೆ ಇಷ್ಟು ವರ್ಷ ಇಟ್ಟುಕೊಳ್ಳಬೇಕಿತ್ತೇ?
ನಾನು ಬೈದಾಗ ನೀನು, "ಅಪ್ಪನ ಕಲ್ಲಿಗೆ ಮುಸುಕ ಹಾಕ್ಯಾನ. ಅದಕ್ಕ ಬೆನ್ನ ಹಚ್ಚಿ ಹ್ಯಾಂಗ ಕುಂದ್ರಲಿ?" ಅಂದಿದ್ದೆ.
ಇವತ್ತು ನಿನ್ನನ್ನು ಊರಿಗೆ ಒಯ್ದು ಅದೇ ಪಡಸಾಲೆಯಲ್ಲಿ, ಅದೇ ಗೋಡೆಗೆ ಒರಗಿಸಿ ಕೂಡಿಸುತ್ತಾರೆ.
ಸತ್ತವರನ್ನು ಕೂಡಿಸುವುದು ನಮ್ಮಲ್ಲಿ ಪದ್ಧತಿ...
ಒಲ್ಲೆ ಅನ್ನಲು ನಿನಗೆ ಬಾಯಿಲ್ಲ.
ಬೆಳಿಗ್ಗೆಯಿಂದ ಇದೊಂದೇ ಸಂಕಟ ನನಗೆ. ಅಳುವುದಕ್ಕೂ ಬಿಡುತ್ತಿಲ್ಲ.

ಆಸ್ಪತ್ರೆಯಿಂದ ಗಾಡಿ ಇನ್ನೂ ಹೊರಟಿರಲಿಲ್ಲ. ತಡೆಯಲಾಗದೆ ಸಂಗಪ್ಪನವರಿಗೆ ಫೋನ್ ಮಾಡಿದೆ.
ಸಾವಿನ ಮನೆಯಲ್ಲಿ ಗೋಡೆಯ ಮಾತು ಹೇಗೆ ತೆಗೆಯುವುದು?
ಆ ಕಡೆಯಿಂದ ಟಣ್ ಟಣ್ ಎಂದು ಕೇಳಿಸುತ್ತಿತ್ತು.
"ಏನ್ ಸಪ್ಪಳ ರೀ ಅಣ್ಣಾರ?"
ಸಪ್ಪಳ ನಿಂತಿತು.
"ಗಿಲಾವ ಕೆತ್ತಾಕತ್ತೇನ್ರಿ. ಪೂರಾ ಗ್ವಾಡಿ ಆಗೂದಿಲ್ಲ... ಗಾಡಿ ಬರೂದ್ರೊಳಗ ಅವನ ಬೆನ್ನಿನಷ್ಟಾದ್ರೂ ಕಲ್ಲ ಬಯಲ ಮಾಡ್ತೇನಿ."

ಒರಗಿ ಕೂಡು, ದೋಸ್ತ...
ಬೆನ್ನಿಗೆ ಅಪ್ಪನ ಕಲ್ಲಿದೆ.
ನಿನ್ನ ಜೀವಕ್ಕೆ ಇನ್ನು ನೆಮ್ಮದಿ ಇರಲಿ.