ಕೋಟೆಯ ನಾಡಿ ಹಿಡಿಯುವ ಸೆಂಗಾ

ಬೆಳಗಿನ ಐದೂವರೆ. ಸ್ಕಾಟ್ಲೆಂಡಿನ ತೆಂಕಣ ಅಂಚಿನ ಗ್ಯಾಲೊವೇ ಸೀಮೆಯಲ್ಲಿ, ಡ್ರಮ್‌ಕಾರೆಲ್ ಕೋಟೆಯ ಸುರುಳಿ ಮೆಟ್ಟಿಲಿನ ಮೇಲೆ ಸೆಂಗಾ ಹ್ಯಾನೆ ಮರದ ಸುತ್ತಿಗೆ ಹಿಡಿದು ನಿಂತಿದ್ದಾರೆ. ಒಂದು ಕಲ್ಲಿಗೆ ಮೆಲ್ಲಗೆ ಬಡಿಯುತ್ತಾರೆ, ಕಿವಿಗೊಡುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಗಟ್ಟಿ ಕೂತ ಕಲ್ಲು ಠಣ್ ಎನ್ನುತ್ತದೆ, ಸಡಿಲವಾದದ್ದು ದೊಬ್ ಎನ್ನುತ್ತದೆ. ಗೋಡೆಗೂ ಕಿವಿಯಿದೆ ಎಂಬ ಮಾತು ಎಲ್ಲರಿಗೂ ಗೊತ್ತು. ಗೋಡೆಗೆ ಬಾಯಿಯೂ ಇದೆ ಎಂದು ಬಲ್ಲವರು ಈ ಸೀಮೆಯಲ್ಲಿ ಸೆಂಗಾ ಒಬ್ಬರೇ ಇರಬೇಕು.

ಅರವತ್ತೊಂದರ ಸೆಂಗಾ ಹನ್ನೊಂದು ವರ್ಷದಿಂದ ಕೋಟೆಯ ಕೀಲಿಯ ಒಡತಿ. ಅವರ ಅಡುಗೆಮನೆಯ ಮೊಳೆಗೆ ಗೇಣುದ್ದದ ಕೀಲಿ ತೂಗುತ್ತದೆ. ಕೋಟೆ ನೋಡಬಂದವರು ಅವರ ಮನೆಯ ಬಾಗಿಲು ತಟ್ಟಿಯೇ ಅದನ್ನು ಇಸಿದುಕೊಳ್ಳಬೇಕು. ಕೀಲಿ ಕೊಡುವುದಷ್ಟೇ ಅವರಿಗೆ ಒಪ್ಪಿಸಿದ ಕೆಲಸ. ಎಪ್ಪತ್ತೊಂದು ಮೆಟ್ಟಿಲುಗಳ ಸುತ್ತಲಿನ ಆರುನೂರಕ್ಕೂ ಹೆಚ್ಚು ಕಲ್ಲುಗಳನ್ನು ದಿನಾ ತಟ್ಟಿ ನೋಡು ಎಂದು ಯಾರೂ ಹೇಳಿಲ್ಲ.

ಅಪ್ಪ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಹೊಲದ ಗೋಡೆ ಕಟ್ಟುತ್ತಿದ್ದವರು. ಮಗಳು ಕಲಿತದ್ದು ಅವರ ಬೆನ್ನ ಹಿಂದೆ ನಿಂತು. “ಹುಡುಗಿಗೆ ಗೋಡೆ ಕೆಲ್ಸ ಯಾರು ಕೊಡ್ತಿದ್ರು? ಇಪ್ಪತ್ತೆರಡು ವರ್ಷ ಸ್ಕೂಲಲ್ಲಿ ಸೂಪು ಕುದಿಸ್ದೆ. ಕಿವಿ ಮಾತ್ರ ಅಪ್ಪಂದೇ ಉಳ್ಕೊಂತು,” ಎನ್ನುತ್ತಾರೆ.

ಇಂದು ಅವರ ಮುಖದಲ್ಲಿ ನಗುವಿಲ್ಲ. ಚಳಿಗಾಲದ ಹಿಮಕ್ಕೆ ಸಂದುಗಳು ಬಿಡುತ್ತವೆಂದು ನವೆಂಬರಿನಿಂದ ಮೆಟ್ಟಿಲು ಮುಚ್ಚಿತ್ತು. ಒಂಬತ್ತಕ್ಕೆ ಹಳೆಯ ಕಟ್ಟಡಗಳ ಇಲಾಖೆಯ ರೋನಾ ಮಿಲ್ರಾಯ್ ಬಂದು ನೋಡಿ ಸಹಿ ಹಾಕಬೇಕು. ಹನ್ನೊಂದಕ್ಕೆ ಪ್ರವಾಸ ನಡೆಸುವ ಡೂಗಲ್ ಆಗ್ನ್ಯೂನ ವ್ಯಾನು ಈ ವರ್ಷದ ಮೊದಲ ತಂಡವನ್ನು ತರುತ್ತದೆ. ಒಂದೇ ದಿನದಲ್ಲಿ ಮೂರು ಕೋಟೆ, ಹದಿನಾಲ್ಕು ಜನ. ಡ್ರಮ್‌ಕಾರೆಲ್‌ಗೆ ಅವರು ಬರುವುದೇ ಮೆಟ್ಟಿಲು ಹತ್ತಿ ತುದಿಯಲ್ಲಿ ನಿಂತು ಮೂರು ಕಡೆಯ ಕಡಲು ನೋಡಲು.

ಡೂಗಲ್ ಕಡ್ಡಿ ಮುರಿದಂತೆ ಹೇಳಿದ್ದಾನೆ: “ಹತ್ತಿಸದ ಕೋಟೆಗೆ ಜನ ಯಾಕೆ ಬರ್ತಾರೆ ಮಾರಾಯ್ತಿ? ಈ ಸಲ ಮುಚ್ಚಿದ್ರೆ ನಾನು ಬೇರೆ ಕೋಟೆ ನೋಡ್ಕೋತೀನಿ.” ಪಕ್ಕದ ಕಣಿವೆಯ ಗೋಪುರಕ್ಕೆ ಜನ ಬರುವುದು ನಿಂತದ್ದೇ ತಡ, ಇಲಾಖೆ ತಂತಿಬೇಲಿ ಸುತ್ತಿ ಕೈತೊಳೆದುಕೊಂಡಿತು. ತನ್ನ ಕೋಟೆಗೂ ಅದೇ ಗತಿ ಬಂದೀತೆಂದು ಸೆಂಗಾಗೆ ಭಯ.

ಐವತ್ತೆಂಟನೇ ಮೆಟ್ಟಿಲಿನ ಬಳಿ ಒಂದು ಕಲ್ಲು ದೊಬ್ ಎನ್ನುತ್ತದೆ. ಮೂರು ಸಲ ತಟ್ಟಿದರೂ ಅದೇ ದನಿ.

ರೋನಾ ಬಂದು ಬಿರುಕು ಹುಡುಕುವ ಯಂತ್ರ ಹಿಡಿದು ನೋಡುತ್ತಾರೆ. ಎಲ್ಲ ಸರಿಯಿದೆ ಎಂದು ಪೆನ್ನು ತೆಗೆಯುತ್ತಾರೆ. ಸೆಂಗಾ ಸುಮ್ಮನಿರಬಹುದು; ಸುಮ್ಮನಿರಲು ಕಾರಣವೂ ಉಂಟು. ನಾಲ್ಕು ವರ್ಷದ ಹಿಂದೆ ಹೀಗೇ ಒಂದು ಕಲ್ಲು ಬಿಟ್ಟಿದೆ ಎಂದು ಹೇಳಿ ಸಾರುವೆ ಕಟ್ಟಿಸಿದ್ದರು. ಕಲ್ಲು ಬಿಚ್ಚಿದರೆ ಅದು ಭದ್ರವಾಗಿಯೇ ಇತ್ತು, ಹಿಂದಿನ ಪೊಟರೆಯಲ್ಲಿ ಕಾಗೆಗಳು ಬುಟ್ಟಿಗಟ್ಟಲೆ ಕಡ್ಡಿ ತುಂಬಿದ್ದರಿಂದ ದನಿ ಮಂಕಾಗಿತ್ತು. ಅಂದಿನಿಂದ ಊರಿನ ಪಬ್ಬಿನಲ್ಲಿ ಅವರ ಹೆಸರು ಕಾಗೆ ಡಾಕ್ಟರು.

“ಸಹಿ ಹಾಕ್ಬೇಡ ರೋನಾ. ಆ ಕಲ್ಲು ಬಿಟ್ಟಿದೆ.”

“ಮತ್ತೆ ಕಾಗೆ ಗೂಡಾ, ಡಾಕ್ಟ್ರೇ?”

“ಗೂಡಾದ್ರೆ ಊರೆಲ್ಲ ನಗ್ಲಿ. ನಕ್ಕಿದ್ದಕ್ಕೆ ಯಾರ ತಲೆನೂ ಒಡೆಯಲ್ಲ. ಸರಳು ಹಾಕಿ ನೋಡು.”

ರೋನಾ ಸಂದಿಗೆ ಸರಳು ತೂರಿಸಿ ಮೀಟುತ್ತಾರೆ. ಕಲ್ಲು ಬೆಣ್ಣೆಯಿಂದ ಚಾಕು ಬಂದಂತೆ ಹೊರಗೆ ಬರುತ್ತದೆ. ಹಿಂದೆ ಗೂಡಿಲ್ಲ, ಒದ್ದೆ ಮರಳು ಅಷ್ಟೇ. ಮೇಲಿನ ಎರಡು ಕಲ್ಲು ಕಣ್ಣೆದುರೇ ವಾಲುತ್ತವೆ. ರೋನಾ ಬಿಳಿಚಿಕೊಂಡು ಪೆನ್ನನ್ನು ಜೇಬಿಗಿಳಿಸುತ್ತಾರೆ. ದುರಸ್ತಿಗೆ ಆರು ವಾರ ಬೇಕು, ಅಲ್ಲಿಯವರೆಗೆ ಮೆಟ್ಟಿಲು ಬಂದ್.

ಹನ್ನೊಂದಕ್ಕೆ ವ್ಯಾನು ಬರುತ್ತದೆ. ಸುದ್ದಿ ಕೇಳಿ ಡೂಗಲ್ ಕೆಂಡವಾಗುತ್ತಾನೆ. “ಒಂದ್ ಮಾತು ನುಂಗ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಸೆಂಗಾ ಹುಲ್ಲಿನ ಮೇಲಿಟ್ಟ ಕಲ್ಲನ್ನು ತೋರಿಸುತ್ತಾರೆ. ಡೂಗಲ್ ಒಂದು ಕೈಯಲ್ಲಿ ಎತ್ತಲು ನೋಡುತ್ತಾನೆ, ಆಗುವುದಿಲ್ಲ. ಎರಡೂ ಕೈ ಹಾಕಿ ಎತ್ತಿ, ವ್ಯಾನಿನಿಂದ ಇಳಿಯುತ್ತಿರುವ ಹದಿನಾಲ್ಕು ಜನರತ್ತ ತಿರುಗಿ ನೋಡುತ್ತಾನೆ. ಮೊದಲು ಇಳಿದ ಅಜ್ಜಿ ಅವನಿಗೆ ಕೈಬೀಸುತ್ತಾಳೆ. ಅವನು ಕಲ್ಲನ್ನು ಮೆತ್ತಗೆ ಕೆಳಗಿಡುತ್ತಾನೆ.

“ಆರು ವಾರ ಅಂದ್ಯಲ್ಲ. ಏಳನೇ ವಾರ ಬರ್ತೀನಿ,” ಎನ್ನುತ್ತಾನೆ, ಬೇರೆಲ್ಲೋ ನೋಡುತ್ತ.

ಅವನು ಬರದಿದ್ದರೆ ಎಂದು ಕೇಳಿದರೆ ಸೆಂಗಾ ಭುಜ ಕುಣಿಸುತ್ತಾರೆ. “ಬರ್ತಾನೆ. ಬರ್ದಿದ್ರೂ ಸರಿ. ಹನ್ನೊಂದು ವರ್ಷದಿಂದ ಈ ಮೆಟ್ಟಿಲು ಎಷ್ಟು ಜನ ಹತ್ತಿದ್ರೋ, ಅಷ್ಟೂ ಜನ ನಡ್ಕೊಂಡೇ ಇಳಿದಿದ್ದಾರೆ.”